ಏಳನೇ ಮಷೀನಿನ ಹೆಸರು

ನನಗೆ ಇಪ್ಪತ್ತೆರಡು ಧ್ವನಿಗಳು ಬರುತ್ತವೆ. ಎಣಿಸಿಯೇ ಹೇಳುತ್ತಿದ್ದೇನೆ. ಗೋಕಾಕದಲ್ಲಿ ನಾನು ಕೆಲಸ ಮಾಡುವ ಕಂಪ್ಯೂಟರ್ ರಿಪೇರಿ ಅಂಗಡಿಯ ಮಾಲೀಕರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಆ ಕಾಕಾ ಗಿರಾಕಿಗೆ "ನಾಳಿ ಬರ್ರಿ" ಎನ್ನುವುದು ಒಂದು ಧ್ವನಿ. ಮರುದಿನ ಬಂದ ಅದೇ ಗಿರಾಕಿಗೆ "ಯಾವ ಮಷೀನ್ರಿ ನಿಮ್ಮದು?" ಎನ್ನುವುದು ಇನ್ನೊಂದು. ಹುಕ್ಕೇರಿ ಬಸ್ಸಿನ ಕಂಡಕ್ಟರ್, ನಮ್ಮ ಓಣಿಯ ಹಾಲಿನವ, ಮೂಗಿನಲ್ಲಿ ಮಾತಾಡುವ ಕಸ್ಟಮರ್ ಕೇರ್ ಹುಡುಗಿ, ತಣ್ಣಗಿದ್ದಾಗ ಏಳಲಾರೆ ಎನ್ನುವ ಹಳೇ ಪ್ರಿಂಟರ್, ಎಲ್ಲವೂ ಲೆಕ್ಕದಲ್ಲಿವೆ. ನನ್ನ ಧ್ವನಿ ಮಾತ್ರ ಆ ಲೆಕ್ಕದಲ್ಲಿಲ್ಲ. ಅಣಕಿಸುವಷ್ಟು ಏನೂ ಅದರಲ್ಲಿ ಇಲ್ಲವೆಂದೇ ತಿಳಿದಿದ್ದೆ.

ಒಂದು ದಿನ ಹುಕ್ಕೇರಿಯಿಂದ ಟೈಪಿಂಗ್ ಕ್ಲಾಸಿನ ಸರ್ ಫೋನು ಮಾಡಿದರು. ಅರವತ್ತು ದಾಟಿದವರು. ಕಬ್ಬಿಣದ ಟೈಪ್‌ರೈಟರುಗಳ ಕಾಲದಿಂದ ಬಸ್ ನಿಲ್ದಾಣದ ಹತ್ತಿರ ಅದೇ ಉದ್ದನೆಯ ಕೋಣೆಯಲ್ಲಿ ಕಲಿಸುತ್ತಿದ್ದಾರೆ. ಈಗ ಅಲ್ಲಿ ಟೈಪ್‌ರೈಟರಿಲ್ಲ, ಯಾವುದೋ ಆಫೀಸಿನವರು ಸಾಕಾಯ್ತೆಂದು ಬಿಟ್ಟ ಹತ್ತು ಹಳೇ ಕಂಪ್ಯೂಟರ್‌ಗಳಿವೆ.

"ಒಂದು ಅಕ್ಷರ ಹೊಡದ್ರ ಅದು ಪರದೆ ಮ್ಯಾಲ ಬರೂದ್ರಾಗ ಹುಡುಗೂರು ಮನಿಗೆ ಹೋಗಿ ಉಂಡು ಬರ್ತಾರೋ," ಎಂದರು. "ಮುಂದಿನ ತಿಂಗಳು ಪರೀಕ್ಷೆ ಐತಿ. ಏನಾರ ಮಾಡು."

"ಏನಿಲ್ರಿ ಸರ್, ಸಣ್ಣದೈತಿ," ಎಂದೆ.

ಹಳೇ ಮಷೀನಿಗೆ ಭಾರವಾಗದ ಒಂದು ಆಪರೇಟಿಂಗ್ ಸಿಸ್ಟಮ್ ನನಗೆ ಗೊತ್ತಿತ್ತು. ಯುನಿಕ್ಸ್ ವಂಶದ್ದು, ಪುಕ್ಕಟೆ ಸಿಗುತ್ತದೆ. ಬಣ್ಣ ಬೆಡಗು ಏನೂ ಇಲ್ಲ. ಅದಕ್ಕೆ ಇರುವ ಚಾಳಿ ಒಂದೇ: ಹಾಕುವಾಗ ಪ್ರಶ್ನೆ ಕೇಳುತ್ತದೆ. ಕನ್ಯೆ ನೋಡಲು ಹೋದಾಗ ಬೀಗರಾಗುವವರು ಕೇಳುವ ಹಾಗೆ, ಒಂದೊಂದಾಗಿ, ಅವಸರವಿಲ್ಲದೆ. ಕೀಲಿಮಣೆ ಯಾವುದು? ಈ ಮಷೀನಿಗೆ ಏನು ಹೆಸರಿಡುತ್ತೀರಿ? ಜಾಲ ಉಂಟೋ? ಗುಪ್ತಪದ ಹೇಳಿ. ಇನ್ನೊಮ್ಮೆ ಹೇಳಿ, ನಂಬಿಕೆ ಬರಲಿಲ್ಲ. ನಿಮ್ಮ ಗಡಿಯಾರ ಯಾವ ಊರಿನದು? ಡಿಸ್ಕ್ ಪೂರ್ತಿ ಅಳಿಸಲೋ? ಇಪ್ಪತ್ತು ಪ್ರಶ್ನೆಗಾದರೂ ಉತ್ತರ ಕೊಟ್ಟ ಮೇಲೇ ಅದು ಒಳಗೆ ಕಾಲಿಡುತ್ತದೆ. ಹತ್ತು ಮಷೀನೆಂದರೆ ಇನ್ನೂರು ಪ್ರಶ್ನೆ. ನನ್ನಂಥ ಸೋಮಾರಿ ಇನ್ನೂರು ಸಲ ಒಂದೇ ಧ್ವನಿಯಲ್ಲಿ ಉತ್ತರ ಕೊಡುವುದುಂಟೇ? ನನ್ನ ಬದಲು ಉತ್ತರ ಕೊಡುವ ಒಂದು ಸ್ಕ್ರಿಪ್ಟ್ ಬರೆದೆ. ನನ್ನನ್ನೇ ಅಣಕಿಸುವ ಒಂದು ಪುಟ್ಟ ಪ್ರೋಗ್ರಾಮು.

ಅದರ ಮೊದಲ ಅವತಾರ ಮೂಡಲಗಿಯ ಒಂದು ಲ್ಯಾಬಿನಲ್ಲಿ ಮಾನ ಕಳೆದಿತ್ತು. ಆಗ ಎಲ್ಲ ಉತ್ತರಗಳನ್ನೂ ಸಾಲಾಗಿ ಬರೆದು, ಪ್ರಶ್ನೆ ಬಂತೋ ಇಲ್ಲವೋ ನೋಡದೆ ಒಂದರ ಹಿಂದೊಂದು ಸುರಿಯುವ ಹಾಗೆ ಮಾಡಿದ್ದೆ. ಅಲ್ಲಿನ ಒಂದು ಮಷೀನು ಮಿಕ್ಕವು ಕೇಳದ ಒಂದು ಪ್ರಶ್ನೆಯನ್ನು ನಡುವೆ ಹೆಚ್ಚಿಗೆ ಕೇಳಿತು. ಅಷ್ಟೇ, ಮುಂದಿನ ಉತ್ತರಗಳೆಲ್ಲ ಒಂದೊಂದು ಮನೆ ಸರಿದವು. ಹೆಸರೇನು ಎಂದರೆ "ಇಲ್ಲ" ಎಂದಿತು. ಗುಪ್ತಪದ ಇನ್ನೊಮ್ಮೆ ಹೇಳು ಎಂದರೆ "ಕೋಲ್ಕತ್ತಾ" ಎಂದಿತು, ಅದು ಗಡಿಯಾರದ ಪ್ರಶ್ನೆಗೆಂದು ಇಟ್ಟ ಉತ್ತರ; ಭಾರತದ ಗಡಿಯಾರವೆಲ್ಲ ಅದಕ್ಕೆ ಆ ಊರಿನದೇ.

ನಮ್ಮ ದೊಡ್ಡಪ್ಪನ ನೆನಪಾಯಿತು. ಅವರಿಗೆ ಕಿವಿ ಮಂದ. ಅದು ಗೊತ್ತಾಗಬಾರದೆಂದು ಮದುವೆ ಮನೆಗಳಿಗೆ ಮೂರು ಉತ್ತರಗಳನ್ನು ಮೊದಲೇ ಸರತಿಯಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಮೊದಲನೆಯದು "ಆರಾಮ್ರಿ", ಎರಡನೆಯದು "ಈಗ ಬಂದ್ವಿ", ಮೂರನೆಯದು "ಹೊಟ್ಟಿ ತುಂಬೇತ್ರಿ, ಬ್ಯಾಡ". ನಮ್ಮ ಜನ ಹೆಚ್ಚುಕಡಿಮೆ ಇದೇ ಸರತಿಯಲ್ಲಿ ಕೇಳುವುದರಿಂದ ವರ್ಷಗಟ್ಟಲೆ ನಡೆಯಿತು. ಒಮ್ಮೆ ಮಾತ್ರ ಯಾರೋ ಮೂರನೆಯ ಪ್ರಶ್ನೆಯಾಗಿ "ನಿಮ್ಮ ಮಾವಾರು ತೀರ್ಕೊಂಡ್ರಂತಲ್ರಿ" ಎಂದುಬಿಟ್ಟರು. ದೊಡ್ಡಪ್ಪ ಹೊಟ್ಟೆ ಸವರಿಕೊಂಡು "ತುಂಬೇತ್ರಿ, ಬ್ಯಾಡ" ಎಂದರು.

ಹಾಗಾಗಿ ಎರಡನೆಯ ಅವತಾರಕ್ಕೆ ಕಿವಿ ಇಟ್ಟೆ. ಹಳೇ ಮಷೀನುಗಳ ಬೆನ್ನಿಗೆ ಒಂದು ಕಿಂಡಿ ಇರುತ್ತದೆ. ಅದರಿಂದ ನನ್ನ ಲ್ಯಾಪ್‌ಟಾಪಿಗೆ ಒಂದು ಕೇಬಲ್ ಎಳೆದರೆ ಆ ಮಷೀನು ಕೇಳುವ ಪ್ರಶ್ನೆ ಇಲ್ಲಿ ಕಾಣುತ್ತದೆ, ಇಲ್ಲಿಂದ ಕೊಟ್ಟ ಉತ್ತರ ಅಲ್ಲಿಗೆ ಹೋಗುತ್ತದೆ. ಸ್ಕ್ರಿಪ್ಟ್ ಸುಮ್ಮನೆ ಕಾಯಬೇಕು. ಪ್ರಶ್ನೆಯ ಕೊನೆಯ ಪದಗಳನ್ನು ಗುರುತಿಸಬೇಕು. ಗುರುತು ಸಿಕ್ಕ ಮೇಲೇ ಬಾಯಿ ಬಿಡಬೇಕು. ಧ್ವನಿ ಅಣಕಿಸುವವನ ಕಸುಬೂ ಇಷ್ಟೇ, ಕಾಯುವುದೇ ಅದರ ಮುಕ್ಕಾಲು ಪಾಲು. ಇದನ್ನು ಮಷೀನಿಗೆ ಕಲಿಸಿದ ನಾನು ಸ್ವತಃ ಎಷ್ಟು ಕಲಿತಿದ್ದೆ ಎಂಬುದು ಮುಂದೆ ತಿಳಿಯುತ್ತದೆ.

ಮಷೀನುಗಳಿಗೆ ಏನು ಹೆಸರಿಡಲಿ ಎಂದು ಸರ್‌ಗೆ ಫೋನಿನಲ್ಲಿ ಕೇಳಿದೆ. ಒಂದು, ಎರಡು, ಮೂರು ಅಂತಿಟ್ಟರೆ ಸಾಕಿತ್ತು. ಸರ್ ಮಾತ್ರ "ತಡಿ, ಹೆಸರು ಅದಾವು" ಎಂದು ಹಳೇ ರಿಜಿಸ್ಟರ್ ತೆಗೆದರು. ಟೈಪ್‌ರೈಟರುಗಳ ಕಾಲದಲ್ಲಿ ಹುಡುಗರು ಯಾವ ಊರ ಬಸ್ಸಿಗೆ ಬರುತ್ತಿದ್ದರೋ ಆ ಊರಿನ ಹೆಸರನ್ನೇ ಅವರು ಕೂಡುವ ಮಷೀನಿಗೆ ಇಟ್ಟಿದ್ದರಂತೆ. ಈಗಿನ ಮಕ್ಕಳಿಗೆ ಅದು ಗೊತ್ತಿಲ್ಲ, ಅವರಿಗೆ ಬರೀ ನಂಬರು. "ಬರಕೋ. ಒಂದು, ಘೋಡಗೇರಿ. ಎರಡು, ಸಂಕೇಶ್ವರ. ಮೂರು, ಯಮಕನಮರಡಿ..." ಹೀಗೆ ಹತ್ತು. ಏಳನೆಯದು ದಡ್ಡಿ. ಹೊಳೆಯ ಕಡೆಗಿರುವ ಊರು. ಬರೆದುಕೊಂಡೆ. ಬರೆದುಕೊಂಡಾಗ ನನಗೇನೂ ಹೊಳೆಯಲಿಲ್ಲ ಎಂದರೆ ನೀವು ನಂಬುವುದಿಲ್ಲ. ಆಕೆಯೂ ನಂಬಲಿಲ್ಲ.

ಆಕೆ ಎಂದರೆ ಘೋಡಗೇರಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಬ್ಬ ಅಕ್ಕ. ಮೂವತ್ತು ದಾಟಿದವರು, ಕ್ಲಾಸಿಗೆಲ್ಲ ದೊಡ್ಡವರು. ಎಸ್ಸೆಸ್ಸೆಲ್ಸಿ ಆದ ಮೇಲೆ ಮನೆಯವರು ಮದುವೆ ಮಾಡಿದ್ದರು. ಈಗ ಮಗಳು ಹೈಸ್ಕೂಲಿಗೆ ಹೋಗುವಷ್ಟಾದ ಮೇಲೆ ಊರ ಹತ್ತಿರದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಖಾಲಿ ಇದೆಯೆಂದು ಗೊತ್ತಾಗಿ ಕಲಿಯಲು ಬಂದಿದ್ದರು. ಅರ್ಜಿ ಹಾಕಲು ಟೈಪಿಂಗ್ ಸರ್ಟಿಫಿಕೇಟ್ ಬೇಕು. ಎರಡು ಸಲ ಪರೀಕ್ಷೆಗೆ ಕೂತು ಎರಡೂ ಸಲ ಹೋಗಿತ್ತು. ಮೂರನೆಯದೂ ಹೋದರೆ ಅರ್ಜಿಯ ಕಾಲವೂ ಹೋಗುತ್ತಿತ್ತು.

ಹೋಗಲು ಕಾರಣ ಎಲ್ಲರಿಗೂ ಗೊತ್ತಿತ್ತು: ಹೊಡೆಯುವ ಪ್ರತಿ ಅಕ್ಷರವನ್ನೂ ಅವರು ಬಾಯಿಬಿಟ್ಟು ಹೇಳುತ್ತಿದ್ದರು. ಬೆರಳು ಓಡಬಲ್ಲದು, ಬಾಯಿ ಓಡುವುದಿಲ್ಲ, ಬೆರಳು ಬಾಯಿಗಾಗಿ ನಿಂತು ಕಾಯುತ್ತಿತ್ತು. ತಪ್ಪಾದರೆ "ಅಯ್ಯ, ಚೆಲ್ಲಿತು!" ಎನ್ನುತ್ತಿದ್ದರು, ಕೈಯಲ್ಲಿ ಸಾರಿನ ಪಾತ್ರೆ ಇದ್ದ ಹಾಗೆ. "ಬಾಯಿ ಮುಚ್ಚವ್ವ, ಬೆರಳು ಓಡಸು" ಎಂದು ಹೇಳಿ ಹೇಳಿ ಸರ್ ದಣಿದಿದ್ದರು.

ಇಂಥದ್ದು ಕಿವಿಗೆ ಬಿದ್ದರೆ ನಾನು ಬಿಡುವವನೇ? ಮಷೀನು ನೋಡಲು ಹೋದ ಮೊದಲ ದಿನವೇ, ಸರ್ ಹೊರಗೆ ಹೋದಾಗ, ಮಾಡಿ ತೋರಿಸಿದ್ದೆ. "ಎ... ಎಸ್... ಡಿ... ಅಯ್ಯ, ಚೆಲ್ಲಿತು!" ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆ ಅಕ್ಕನೂ ನಕ್ಕರು. ಅವರೇ ನಕ್ಕ ಮೇಲೆ ಇನ್ನೇನು ಎಂದು ಇಪ್ಪತ್ತೆರಡನೆಯ ಧ್ವನಿಯಾಗಿ ಅದನ್ನು ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ.

ಮಷೀನುಗಳಿಗೆ ಹೊಸ ಸಿಸ್ಟಮ್ ಹಾಕುವ ದಿನ ಕ್ಲಾಸಿಗೆ ರಜೆ. ಆದರೆ ಅಕ್ಕ ಬಂದಿದ್ದರು, ರಜೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ವಾಪಸು ಬಸ್ಸಿಗೆ ಹೊತ್ತಿತ್ತು, ನನ್ನ ಬಾಜೂ ಕೂತರು. ಲ್ಯಾಪ್‌ಟಾಪಿನಲ್ಲಿ ಪ್ರಶ್ನೆ ಬರುತ್ತಿತ್ತು, ಉತ್ತರ ತಾನಾಗಿ ಬೀಳುತ್ತಿತ್ತು, ನಾನು ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದೆ.

"ತಮ್ಮಾ, ಇದು ಯಾರಿಗೆ ಕೇಳಾಕತ್ತೈತಿ?"

"ನನಗ್ರಿ."

"ನೀ ಚಹಾ ಕುಡ್ಯಾಕತ್ತೀಯಲ್ಲ?"

"ನನ್ನ ಬದ್ಲಿ ಇದು ಹೇಳ್ತೈತ್ರಿ ಅಕ್ಕಾರ."

ಸ್ವಲ್ಪ ಹೊತ್ತು ನೋಡಿದರು. "ಪಾಪ, ಅಷ್ಟು ಮರ್ಯಾದಿಲೆ ಕೇಳಾಕತ್ತೈತಿ. ಯಾರೂ ಇಲ್ಲ ಅಂತ ಅದಕ್ಕ ಗೊತ್ತಿಲ್ಲ." ಆಮೇಲೆ ಮೆಲ್ಲಗೆ, "ಒಂದಕ್ಕ ನಾ ಹೇಳ್ಲೇನು? ಒಂದ ಒಂದಕ್ಕ?"

"ಏನಿಲ್ರಿ ಅಕ್ಕಾರ, ಸಣ್ಣದೈತಿ. ನೀವು ಯಾಕ ತ್ರಾಸ್ ತಗೋತೀರಿ," ಎಂದೆ. ಮರ್ಯಾದೆಯಿಂದಲೇ ಎಂದೆ ಅಂದುಕೊಂಡಿದ್ದೆ. ಅವರು ಚೀಲ ತೆಗೆದುಕೊಂಡು ಬಸ್ಸಿಗೆ ಹೋದರು.

ಹತ್ತೂ ಮಷೀನು ಮಧ್ಯಾಹ್ನದೊಳಗೆ ಮುಗಿದವು. ಅಲ್ಲಿಗೆ ನಿಲ್ಲಿಸಿದ್ದರೆ ಸರಿಯಿತ್ತು. ಸರ್ ಕ್ಲಾಸಿಗೆ ಬಂದವರನ್ನೆಲ್ಲ "ಬರ್ರಿ, ಕೂಡ್ರಿ, ಬೆರಳ ಬಿಸಿ ಮಾಡ್ಕೋರಿ" ಎಂದು ಕರೆಯುತ್ತಾರೆ, ಮೂವತ್ತು ವರ್ಷದಿಂದ ಅದೇ ರಾಗ. ಮಷೀನು ಚಾಲೂ ಆದಾಗ ಅದೂ ಸರ್ ಹಾಗೇ ಕರೆಯಲಿ ಎಂದು ಸ್ಕ್ರಿಪ್ಟಿಗೆ ಇನ್ನೊಂದು ಸಾಲು ಸೇರಿಸಿ ಹತ್ತಕ್ಕೂ ಕಳಿಸಿದೆ. ಮೊದಲು ಮಷೀನಿನ ಹೆಸರು, ಆಮೇಲೆ ಸರ್ ಮಾತು. ಎಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ, ನಾವು ಮೊಬೈಲಿನಲ್ಲಿ ಕನ್ನಡ ಬರೆಯುವ ಹಾಗೆ. ಮೊದಲನೆಯದನ್ನು ಚಾಲೂ ಮಾಡಿ ನೋಡಿದೆ: "ಘೋಡಗೇರಿ, ಬರ್ರಿ, ಕೂಡ್ರಿ." ಭಾಳ ಚಂದ ಕಂಡಿತು. ಮಿಕ್ಕ ಒಂಬತ್ತನ್ನು ನೋಡಲೇ ಇಲ್ಲ.

ಸೋಮವಾರ ಮಾದರಿ ಪರೀಕ್ಷೆ ಇತ್ತು. ಹೊಗಳಿಸಿಕೊಳ್ಳಲು ನಾನೂ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಸರ್ ಆ ದಿನ ನಂಬರಿನ ಮೇಲೆ ಕೂರಿಸಿದರು. ಯಾವಾಗಲೂ ಒಂದನೆಯದರಲ್ಲಿ ಕೂಡುವ ಅಕ್ಕನಿಗೆ ಏಳನೆಯದು ಬಂತು. ಗುಂಡಿ ಒತ್ತಿದರು. ಪರದೆ ಬೆಳಗಿತು. ಅವರಿಗೆ ಬಾಯಿಬಿಟ್ಟು ಓದುವ ಅಭ್ಯಾಸ, ಕೋಣೆಯೆಲ್ಲ ಸ್ತಬ್ಧ.

"ಡಿ... ಎ... ಡಿ... ಡಿ... ಐ," ಎಂದರು. ಕೂಡಿಸಿದರು. "ದಡ್ಡಿ. ಬರ್ರಿ. ಕೂಡ್ರಿ."

ಒಬ್ಬ ಹುಡುಗ ಮೊದಲು ನಕ್ಕ. ಆಮೇಲೆ ಇಡೀ ಕ್ಲಾಸು. ಅಕ್ಕ ತಿರುಗಿ ಬಾಗಿಲ ಕಡೆ ನೋಡಿದರು. ನನ್ನ ಮುಖದಲ್ಲಿ ಹೊಗಳಿಕೆಗೆಂದು ಸಿದ್ಧ ಮಾಡಿಟ್ಟುಕೊಂಡ ನಗು ಇನ್ನೂ ಇತ್ತು. ಅದನ್ನು ಇಳಿಸಲು ನನಗೆ ಹೊತ್ತು ಹಿಡಿಯಿತು.

"ಸಾಲಿಯೊಳಗ ಮಾಸ್ತರು ಅಂದ್ರು," ಎಂದರು. ಧ್ವನಿ ಏರಲಿಲ್ಲ. "ಮನ್ಯಾಗ ಅತ್ತಿ ಅಂದ್ರು. ಈ ಡಬ್ಬಿ ಒಂದು ಅನ್ನೂದು ಉಳಿದಿತ್ತು, ಅದರ ಕಡಿಂದನೂ ಅನ್ನಿಸಿದಿ." ಚೀಲ ತೆಗೆದುಕೊಂಡು ನನ್ನನ್ನು ದಾಟಿ ಹೋದರು.

ಸರ್ ಏಳನೆಯ ಪರದೆ ನೋಡಿದರು, ನನ್ನನ್ನು ನೋಡಿದರು. "ಅದು ಊರ್ರಿ ಸರ್," ಎಂದೆ. "ನೀವ ಹೇಳಿದ್ದು."

"ಊರು ನಾ ಹೇಳಿದ್ದು ಖರೆ. ಅದರ ಮುಂದ ನನ್ನ ಮಾತು ಹಚ್ಚಂತ ಯಾರು ಹೇಳಿದ್ರೋ ಮಂಗ್ಯಾ? ಬರೂ ರವಿವಾರ ಆಕಿ ಪರೀಕ್ಷೆ ಐತಿ. ಆಕಿ ಬರಲಿಲ್ಲ ಅಂದ್ರ ನೀನೂ ನನ್ನ ಕ್ಲಾಸಿಗೆ ಬರಬ್ಯಾಡ."

ಮಂಗಳವಾರ ಅಕ್ಕ ಬರಲಿಲ್ಲ, ಬುಧವಾರವೂ ಬರಲಿಲ್ಲ. ಗುರುವಾರ ಕಾಕಾನ ಹತ್ತಿರ ರಜೆ ಕೇಳಿದೆ. ಯಾಕೆಂದು ಕೇಳಿ, ಪೂರ್ತಿ ಕತೆ ಹೇಳಿಸಿಕೊಂಡು, ಕಾಕಾ ಜೀವನದಲ್ಲಿ ಮೊದಲ ಸಲ "ನಾಳಿ" ಎನ್ನಲಿಲ್ಲ. "ಈಗ ಹೋಗು," ಎಂದರು. "ಬರಿಗೈಲೆ ಹೋಗಬ್ಯಾಡ." ಒಂದು ಪುಡಿಕೆ ಕರದಂಟು, ಲ್ಯಾಪ್‌ಟಾಪು ಹಿಡಿದು ಘೋಡಗೇರಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಸಾಲಾಗಿ ಜೋಡಿಸಿಕೊಂಡೆ, ದೊಡ್ಡಪ್ಪನ ಹಾಗೆ.

ಅಕ್ಕ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ನನ್ನನ್ನು ನೋಡಿ "ಬಾ" ಎಂದರು. ಮನೆಗೆ ಬಂದವರಿಗೆ ಬೇರೆ ಏನೂ ಅನ್ನಲು ಅವರಿಗೆ ಬರುವುದಿಲ್ಲ. ನೀರು ಕೊಟ್ಟರು. ಕರದಂಟು ನೋಡಿ "ಇದ್ಯಾಕ?" ಎಂದರು, ಮುಟ್ಟಲಿಲ್ಲ.

ಲ್ಯಾಪ್‌ಟಾಪು ತೆರೆದು ಸ್ಕ್ರಿಪ್ಟಿನಲ್ಲಿದ್ದ ಹತ್ತು ಊರುಗಳ ಪಟ್ಟಿ ತೋರಿಸಿದೆ. ಅಕ್ಷರ ಅಕ್ಷರವಾಗಿ ಹತ್ತನ್ನೂ ಓದಿದರು. ಒಂದನೆಯದು ತಮ್ಮೂರೇ ಎಂದು ನೋಡಿದಾಗ ಹುಬ್ಬು ಸ್ವಲ್ಪ ಸಡಿಲಾಯಿತು. "ದಡ್ಡಿ ಊರಂತ ನನಗೂ ಗೊತ್ತೈತಿ ತಮ್ಮಾ. ನಮ್ಮ ಅತ್ತಿ ತಂಗೀನ ಕೊಟ್ಟ ಊರು ಅದು. ಅವತ್ತ ಅದು ಹೊಳೀಲಿಲ್ಲ. ಯಾಕ ಹೊಳೀಲಿಲ್ಲ ಹೇಳು?"

ನಾನು ಲ್ಯಾಪ್‌ಟಾಪು ಮುಚ್ಚಿದೆ.

"ನೀ ಬಾಗಲಾಗ ನಿಂತಿದ್ದಿ, ಅದಕ್ಕ. ಹಿಂದಿನ ವಾರ ನನ್ನ ಧ್ವನಿ ತಗದು ಎಲ್ಲಾರ್ನೂ ನಗಿಸಿದ್ದಿ. ನಾನೂ ನಕ್ಕೆ. ಎಲ್ಲಾರೂ ನಗುವಾಗ ಒಬ್ಬಾಕಿ ಸುಮ್ನ ಕುಂತ್ರ ಇನ್ನಷ್ಟು ನಗತಾರ, ಅದಕ್ಕ ನಕ್ಕೆ. ಅದನ್ನ ಮಾಡಿದವ ಇದನ್ನೂ ಮಾಡ್ಯಾನ ಅನ್ನಿಸ್ತು."

ಜೋಡಿಸಿಕೊಂಡು ಬಂದಿದ್ದ ಸಾಲಿನ ಮೊದಲನೆಯದನ್ನು, ಅವರು ಕೇಳಿದ್ದೇನೆಂದು ನೋಡದೆ, ತೆಗೆದು ಸುರಿದೆ. "ಏನಿಲ್ರಿ ಅಕ್ಕಾರ, ಸಣ್ಣದೈತಿ, ನಮ್ಮ ಕಡಿಂದ ಚೂಕ ಆಗೇತಿ, ನೀವು ದೊಡ್ಡವರು, ಹೊಟ್ಟ್ಯಾಗ ಹಾಕ್ಕೊಂಡು..."

"ತಡಿ. ಇದು ಯಾರ ಧ್ವನಿ?"

ಕಾಕಾನದು. ಕಾಕಾ ಗಿರಾಕಿಯ ಮಷೀನು ಕೆಡಿಸಿದಾಗ ಆಡುವ ಧ್ವನಿ, ಒಂದು ಎಳೆಯೂ ಹೆಚ್ಚುಕಡಿಮೆ ಇಲ್ಲ. ನನಗೆ ಗೊತ್ತಾಗದೆಯೇ ಬಂದಿತ್ತು.

"ನಿನ್ನ ಧ್ವನ್ಯಾಗ ಹೇಳು," ಎಂದರು.

ಇಪ್ಪತ್ತೆರಡು ಧ್ವನಿಗಳನ್ನೂ ಒಂದೊಂದಾಗಿ ಬದಿಗೆ ಸರಿಸಿದೆ. ಕೊನೆಗೆ ಹೊರಬಂದದ್ದು ಭಾಳ ಸಣ್ಣದಾಗಿತ್ತು, ಅಂಗಳದ ಕೋಳಿಗೂ ಕೇಳಿಸುವಂತಿರಲಿಲ್ಲ. "ತಪ್ಪಾತ್ರಿ."

ಅಕ್ಕ ಎರಡು ಶೇಂಗಾ ಸುಲಿದರು. "ಆ ಏಳನೇದು, ಅದನ್ನ ಮೊದಲಿಂದ ಮಾಡು. ಆದ್ರ ನಿನ್ನ ಆ ಬದ್ಲಿ ಮಾತಾಡೂದು ಬ್ಯಾಡ. ಅದು ಕೇಳ್ಲಿ, ನಾ ಹೇಳ್ತೀನಿ. ನಾಳಿ ಬರ್ತೀನಿ." ಆಮೇಲೆ ಕರದಂಟಿನ ಪುಡಿಕೆ ಬಿಚ್ಚಿ ಒಂದು ತುಂಡು ನನಗೇ ಕೊಟ್ಟರು.

ಶುಕ್ರವಾರ ಏಳನೆಯ ಮಷೀನಿನ ಮುಂದೆ ಅಕ್ಕ ಕೂತರು. ಕೇಬಲ್ ಇಲ್ಲ, ಲ್ಯಾಪ್‌ಟಾಪಿಲ್ಲ. ನಾನು ಬಾಜೂ ಕೈಕಟ್ಟಿ ಕೂತು ಪ್ರಶ್ನೆಗಳನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಸರ್ ದೂರದ ಮೇಜಿನಲ್ಲಿ ಪೇಪರು ಓದುತ್ತಿರುವ ಹಾಗೆ ಮಾಡುತ್ತಿದ್ದರು. ಅರ್ಧ ಗಂಟೆಯಲ್ಲಿ ಒಂದು ಪುಟವನ್ನೂ ತಿರುವಲಿಲ್ಲ.

"ಇದಕ್ಕ ಏನು ಹೆಸರಿಡ್ತೀರಿ ಅಂತ ಕೇಳ್ತೈತ್ರಿ."

"ಆ ಕಡಿ ಮಾರಿ ಮಾಡು."

ಗೋಡೆಯ ಕಡೆ ತಿರುಗಿದೆ. ಹಿಂದಿನಿಂದ ಐದು ಸಲ ಕೀಲಿ ಸದ್ದು. ಅಕ್ಷರಗಳನ್ನು ಅವರು ಪಿಸುಗುಟ್ಟಿದರು, ಕೇಳಿಸಲಿಲ್ಲ. "ಹಂ, ಈಗ ತಿರುಗು." ಅಷ್ಟರಲ್ಲಿ ಪರದೆ ಮುಂದಿನ ಪ್ರಶ್ನೆಗೆ ಹೋಗಿತ್ತು, ಹೆಸರು ನನಗೆ ಕಾಣಲಿಲ್ಲ.

ಆಮೇಲೆ ಗುಪ್ತಪದ ಬಂತು. "ಇದು ಯಾರಿಗೂ ಗೊತ್ತಾಗಬಾರ್ದ್ರಿ. ನೀವು ಹೊಡದದ್ದು ಪರದೆ ಮ್ಯಾಲ ಕಾಣೂದೂ ಇಲ್ಲ. ನನಗೂ ಹೇಳಬ್ಯಾಡ್ರಿ."

"ನಿನಗ ಹೇಳ್ತೀನೇನು?" ಎಂದು ಅಕ್ಕ ತುಟಿ ಬಿಗಿಹಿಡಿದರು. ಬೆರಳುಗಳು ಓಡಿದವು. ಓಡಿದವು ಎಂದೇ ಹೇಳಬೇಕು, ತಡೆಯಿಲ್ಲದೆ ಹನ್ನೆರಡು ಹದಿಮೂರು ಸದ್ದು. ಪರದೆಯಲ್ಲಿ ಏನೂ ಕಾಣಲಿಲ್ಲ.

"ಇನ್ನೊಮ್ಮೆ ಕೇಳ್ತೈತ್ರಿ."

ಇನ್ನೊಮ್ಮೆ ಓಡಿದವು. ಎರಡಕ್ಕೂ ತಾಳೆಯಾಯಿತು, ಮಷೀನು ಮುಂದಿನ ಪ್ರಶ್ನೆಗೆ ಹೋಯಿತು. ಕಾಣದ ಅಕ್ಷರಗಳನ್ನು ಎರಡು ಸಲ ಒಂದೇ ಹಾಗೆ, ಒಂದೂ ಚೆಲ್ಲದೆ. ಸರ್ ಪೇಪರು ಕೆಳಗಿಟ್ಟು ಎದ್ದು ನಿಂತಿದ್ದರು.

"ಏ ಅವ್ವಾ," ಎಂದರು. "ಈಗ ಬಾಯಿ ಬಿಟ್ಟಿಯೇನು?"

"ಬಿಟ್ರ ಇಂವಗ ಗೊತ್ತಾಕ್ಕಿತ್ತಲ್ರಿ ಸರ್?" ಎಂದ ಅಕ್ಕ, ತಾವು ಹೇಳಿದ್ದನ್ನು ತಾವೇ ಕೇಳಿಸಿಕೊಂಡ ಹಾಗೆ ಕೈಗಳನ್ನು ನೋಡಿಕೊಂಡರು.

"ರವಿವಾರ ಪರೀಕ್ಷೆಯೊಳಗ ಪೂರಾ ಪೇಪರ ಗುಪ್ತಪದ ಅಂತ ತಿಳ್ಕೋ. ಬಾಜೂದಾಕಿಗೆ ಕೇಳಬಾರ್ದು," ಎಂದರು ಸರ್. ಅಷ್ಟು ದಿನ ಬೈದು ಕಲಿಸಲಾಗದ್ದನ್ನು ಒಂದು ಪ್ರಶ್ನೆ ಕಲಿಸಿತ್ತು. ಅದೇ ಪ್ರಶ್ನೆಗೆ ನನ್ನ ಸ್ಕ್ರಿಪ್ಟು ಹತ್ತು ಸಲ ಯಾರಿಗೂ ಗೊತ್ತಾಗದ ಹಾಗೆ ಉತ್ತರ ಕೊಟ್ಟಿತ್ತು, ನಾನು ಬಾಜೂ ಕೂತು ಚಹಾ ಕುಡಿದಿದ್ದೆ.

ಗಡಿಯಾರದ ಊರು ಬಂತು. ಕೋಲ್ಕತ್ತಾ ಹಾಕಿರಿ ಎಂದೆ.

"ಯಾಕ? ಘೋಡಗೇರಿ ಹಾಕಿದ್ರ?"

"ಅದಕ್ಕ ಗೊತ್ತಿಲ್ರಿ ಆ ಊರು."

"ಹಂಗಾರ ಅದೂ ಏನು ಭಾಳ ಶಾಣ್ಯಾ ಅಲ್ಲ ಅನ್ನು," ಎಂದು ಖುಷಿಯಾಗಿ ಕೋಲ್ಕತ್ತಾ ಹೊಡೆದರು.

ಕೊನೆಗೆ ಡಿಸ್ಕಿನ ಪ್ರಶ್ನೆ. ಪೂರ್ತಿ ಅಳಿಸಲೋ? ಇಲ್ಲಿ ಅಕ್ಕನ ಬೆರಳು ನಿಂತಿತು.

"ಇದ್ರಾಗ ಇದ್ದದ್ದೆಲ್ಲಾ ಹೋಗ್ತೈತೇನು?"

"ಹೋಗ್ತೈತ್ರಿ."

"ಆ ದಡ್ಡೀನೂ?"

"ಆಕೀನೂ ಹೋಗ್ತಾಳ್ರಿ."

"ಹಂಗಾರ ಹೂಂ," ಎಂದು ಕೀಲಿ ಒತ್ತಿದರು. ಸ್ವಲ್ಪ ಜೋರಾಗಿಯೇ ಒತ್ತಿದರು.

ಅದು ತನ್ನ ಕೆಲಸ ಮುಗಿಸಿಕೊಳ್ಳುವಾಗ, ಸರ್ ಮಾತಿನ ಆ ಸಾಲು ಎಲ್ಲಿ ಬರೆಯುವುದು ಎಂದು ಅಕ್ಕ ಕೇಳಿದರು. ತೆಗೆದುಹಾಕೋಣ್ರಿ ಎಂದೆ. "ಬ್ಯಾಡ. ಸರ್ ಮಾತು ಚಂದ ಐತಿ, ಇರ್ಲಿ." ತೋರಿಸಿದೆ. ತಾವೇ ಬರೆದರು. ಮಷೀನು ಮಲಗಿ ಎದ್ದಿತು. ಪರದೆಯ ಮೇಲೆ ಅಕ್ಷರ ಮೂಡಿದವು. ಈ ಸಲ ಬಾಯಿಬಿಟ್ಟು ಓದಿದವನು ನಾನು.

"ಡಿ, ಎ, ಡಿ, ಡಿ, ಎ... ದಡ್ಡ. ಬರ್ರಿ. ಕೂಡ್ರಿ."

ಸರ್‌ಗೆ ನಗು ತಡೆಯಲಾಗದೆ ಕೆಮ್ಮು ಬಂತು. ಅಕ್ಕ ಬಹಳ ಗಂಭೀರವಾಗಿ ನನಗೆ ಕುರ್ಚಿ ಬಿಟ್ಟುಕೊಟ್ಟರು. ನಾನು ಕೂತೆ. ಕರೆದ ಮೇಲೆ ಕೂಡದೆ ಹೇಗೆ?

ರವಿವಾರ ಅಕ್ಕ ಪರೀಕ್ಷೆಗೆ ಹೋದರು ಎಂದು ಸರ್ ಫೋನಿನಲ್ಲಿ ಹೇಳಿದರು. ಬಾಯಿ ಮುಚ್ಚಿದ್ದರೋ ಇಲ್ಲವೋ ಸರ್‌ಗೂ ಗೊತ್ತಿರಲಿಲ್ಲ, ಕಲಿಸಿದವರನ್ನು ಪರೀಕ್ಷೆಯ ಕೋಣೆಗೆ ಬಿಡುವುದಿಲ್ಲ. ಆಮೇಲೆ ಕೆಲವು ವಾರ ನಾನು ಹುಕ್ಕೇರಿಯ ಕಡೆ ಹೋಗಲಿಲ್ಲ. ಮೂಡಲಗಿಯ ಲ್ಯಾಬಿನವರು ಮತ್ತೆ ಕರೆದಿದ್ದರು. ಈ ಸಲ ಸ್ಕ್ರಿಪ್ಟು ಹೆಸರಿನ ಪ್ರಶ್ನೆ ಬಂದಾಗ ನಿಲ್ಲುತ್ತಿತ್ತು, ಅಲ್ಲಿ ಕೂಡುವ ಮಕ್ಕಳನ್ನು ಕೇಳಿ ಬರೆಯುತ್ತಿದ್ದೆ. ಅದರಿಂದ ಕೆಲಸ ಎರಡು ದಿನ ಹಿಡಿಯಿತು. ಒಂದು ಮಷೀನಿಗೆ "ಮಾವಿನಕಾಯಿ" ಎಂದು ಹೆಸರಿದೆ. ಇರಲಿ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ನಾನು ಕಾಕಾನ ಎದುರೇ ನಿಂತು ಸ್ಕ್ರೂ ಬಿಗಿಯುತ್ತಿದ್ದೆ. ಫೋನು ಬಂತು. ಕಾಕಾ ಎತ್ತಿದರು, ಕೇಳಿದರು, ಫೋನನ್ನು ಕಿವಿಯಿಂದ ತೆಗೆದು ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಏ, ನೀ ಇಲ್ಲೆ ಇದ್ದೀಯಲ್ಲೋ," ಎಂದರು. "ಮತ್ತ ಇದ್ರಾಗಿಂದ ಯಾರು ಮಾತಾಡಾಕತ್ತಾರ? ನಿಂದ ಧ್ವನಿ!"

ಫೋನು ತೆಗೆದುಕೊಂಡೆ. ಒಬ್ಬ ಮನುಷ್ಯ, ತಲೆ ಸ್ವಲ್ಪ ವಾರೆ ಮಾಡಿಕೊಂಡವನ ಹಾಗೆ ಹಗುರಾಗಿ, ಎದುರಿನವರ ಮಾತು ಮುಗಿಯುವ ಮೊದಲೇ ಸಮಾಧಾನ ಮಾಡುವ ಅವಸರದಲ್ಲಿ ಮಾತಾಡುತ್ತಿದ್ದ. ಗಂಟಲು ಘೋಡಗೇರಿಯ ಅಕ್ಕನದೇ, ಆದರೆ ಆ ಮನುಷ್ಯ ನಾನೆಂದು ಕಾಕಾಗೆ ಮೊದಲ ಮಾತಿಗೇ ಗೊತ್ತಾಗಿತ್ತು. ನನಗೆ ಎರಡು ಸಲ ಕೇಳಬೇಕಾಯಿತು.

"ಏನಿಲ್ರಿ ಅಕ್ಕಾರ, ಸಣ್ಣದೈತಿ," ಎನ್ನುತ್ತಿತ್ತು ಅದು. "ನೀವು ಯಾಕ ತ್ರಾಸ್ ತಗೋತೀರಿ. ಪಾಸಾಗೀರಿ."